ತೀರ್ಪುಗಾರನೂ ಮುನ್ಸೀಫನೂ

ಶಾಲೆಯ ಬಯಲಿನಲ್ಲಿ ಕಬಡ್ಡಿ ನಡೆಯುವಾಗ ಸೀಟಿ ಹಿಡಿದು ನಿಂತವನನ್ನು ನಮ್ಮ ಮಕ್ಕಳು ಒಮ್ಮೆ ‘ರೆಫರಿ’ ಎನ್ನುತ್ತಾರೆ, ಒಮ್ಮೆ ತಮಿಳಿನ ‘ನಡುವರ್’ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನುವಿರಿ ಎಂದರೆ ತಡವರಿಸುತ್ತಾರೆ. ಈ ತಡವರಿಕೆಯೇ ನಮ್ಮನ್ನು ಪದಗಳ ಚರಿತ್ರೆಯತ್ತ ಎಳೆದೊಯ್ದಿತು.

ದೂರದ ಸ್ಕ್ಯಾಂಡಿನೇವಿಯದವರಿಗೆ ಇಂಥ ತೊಡಕಿಲ್ಲ. ನಾರ್ವೆ, ಡೆನ್ಮಾರ್ಕುಗಳಲ್ಲಿ ‘ದೊಮ್ಮರ್’, ಸ್ವೀಡನ್ನಿನಲ್ಲಿ ‘ದೊಮ್ಮರೆ’ ಎಂಬ ಒಂದೇ ಮಾತು ನ್ಯಾಯಪೀಠದಲ್ಲಿ ಕುಳಿತವನಿಗೂ ಆಟದ ಬಯಲಿನಲ್ಲಿ ನಿಂತವನಿಗೂ ಸಲ್ಲುತ್ತದೆ. ‘ದೊಮ್’ ಎಂದರೆ ತೀರ್ಪು. ಅದನ್ನು ಕೊಡುವವನು ದೊಮ್ಮರ್. ಕೊಲೆಯ ಮೊಕದ್ದಮೆಯಾದರೇನು, ಕಾಲ್ಚೆಂಡಿನ ಜಗಳವಾದರೇನು, ಕೆಲಸ ಒಂದೇ ಎಂದು ಆ ಜನ ಬಗೆದಂತಿದೆ.

ನಮ್ಮ ಸೀಮೆಯಲ್ಲಿ ಹಾಗಾಗಲಿಲ್ಲ. ಇಲ್ಲಿ ಅರಸೊತ್ತಿಗೆ ಬದಲಾದಂತೆಲ್ಲ ನ್ಯಾಯ ಹೇಳುವವನ ಹೆಸರೂ ಬದಲಾಯಿತು. ಸೇಲಂ, ಧರ್ಮಪುರಿಗಳ ಬಾರಾಮಹಲು ಪ್ರಾಂತವು 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪುವಿನ ಕೈಬಿಟ್ಟು ಕಂಪನಿಗೆ ಸೇರಿತು. ಅಲ್ಲಿ ಕರ್ನಲ್ ರೀಡನ ಸಹಾಯಕನಾಗಿ ಏಳು ವರ್ಷ ದುಡಿದ ತಾಮಸ್ ಮನ್ರೋ ಹಳ್ಳಿಗಳ ನಡವಳಿಯನ್ನು ಹತ್ತಿರದಿಂದ ಕಂಡವನು. ಮುಂದೆ ಅವನ ಒತ್ತಾಯದಿಂದಲೇ 1816ರ ಮದರಾಸು ಕಾಯಿದೆಗಳು ಹುಟ್ಟಿದವು. ಊರ ಮುಖ್ಯಸ್ಥನೇ ‘ಗ್ರಾಮ ಮುನ್ಸೀಫ’ನಾಗಿ, 10 ರೂಪಾಯಿಗಳವರೆಗಿನ ವ್ಯಾಜ್ಯಗಳನ್ನು ತೀರಿಸುವ ಅಧಿಕಾರ ಪಡೆದನು.

ಮುನ್ಸೀಫ ಎಂಬುದು ಅರಬ್ಬೀ ಮಾತು. ಅದರ ಮೂಲದಲ್ಲಿ ‘ಅರ್ಧ’ ಎಂಬ ಅರ್ಥವಿದೆ. ಇಬ್ಬರಿಗೂ ಸಮಪಾಲು ಮಾಡುವವನೆಂದು ಭಾವ. ಕಂದಾಯ ಎತ್ತುವವನೇ ನ್ಯಾಯವನ್ನೂ ಹೇಳುವಾಗ ಆ ಅರ್ಧವು ಎಷ್ಟು ಸಮನಾಗಿತ್ತೋ, ವಾಚಕರೇ ಊಹಿಸಬಹುದು. 1980ರಲ್ಲಿ ತಮಿಳುನಾಡಿನಲ್ಲಿ ಆ ಪರಂಪರೆಯ ಹುದ್ದೆ ರದ್ದಾಯಿತು. ಆದರೆ ಜಿಲ್ಲಾ ಮುನ್ಸೀಫ್ ನ್ಯಾಯಾಲಯಗಳಲ್ಲಿ ಹೆಸರು ಮಾತ್ರ ಉಳಿದಿದೆ.

ಆಟದ ಪದಗಳದ್ದೂ ಸ್ವಾರಸ್ಯವೇ. ‘ಅಂಪೈರ್’ ಎಂಬುದು ಹಳೆಯ ಫ್ರೆಂಚಿನಿಂದ ಬಂದದ್ದು: ಜೋಡಿಗೆ ಸೇರದವನು, ಮೂರನೆಯವನು ಎಂದರ್ಥ. ತಮಿಳಿನ ‘ನಡುವರ್’ ನಡುವೆ ನಿಂತವನು. ಆ ‘ನಡು’ ನಮ್ಮದೂ ಹೌದು. ಕನ್ನಡದ ‘ತೀರ್ಪುಗಾರ’ನಲ್ಲಿರುವುದು ‘ತೀರು’, ಎಂದರೆ ಮುಗಿ. ಜಗಳವನ್ನು ಮುಗಿಸಿದವನೇ ತೀರ್ಪುಗಾರ. ‘ತೀರ್ಪು’ ಎಂಬ ಮಾತು ತಮಿಳಿನಲ್ಲಿಯೂ ಅದೇ ಅರ್ಥದಲ್ಲಿದೆ. ಹೀಗಿರಲು ಕನ್ನಡ ಮಾತನ್ನು ಕಲಿಯಲು ನಮ್ಮ ಮಕ್ಕಳು ತಮಿಳನ್ನು ಮರೆಯಬೇಕಾಗಿಲ್ಲ, ತಮಿಳನ್ನು ಕಲಿಯಲು ಕನ್ನಡವನ್ನು ಬಿಡಬೇಕಾಗಿಯೂ ಇಲ್ಲ.

ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗನೊಬ್ಬನು ಎದ್ದು, “ಹಾಗಾದರೆ ಕೋರ್ಟಿನಲ್ಲಿ ಕೂತವರನ್ನೂ ತೀರ್ಪುಗಾರರೆಂದೇ ಏಕೆ ಕರೆಯಬಾರದು, ಸಾರ್?” ಎಂದು ಕೇಳಿದನು. ನ್ಯಾಯಾಧೀಶರೆಂಬ ಸಂಸ್ಕೃತದ ಮಾತು ಅಲ್ಲಿ ಬೇರೂರಿದೆಯೆಂದು ಹೇಳಿದೆವು. ಅವನು ಒಪ್ಪಿದಂತೆ ಕಾಣಲಿಲ್ಲ.