ಕೂದಲಿಗಿಂತ ತೆಳುವಾದ ಕಂಬಿ: ಮಾದರಿ ಯುದ್ಧನೌಕೆ ಮತ್ತು ಹಿತ್ತಾಳೆಯ ತಗಡು

ಮಾದರಿ ಯುದ್ಧನೌಕೆಗಳನ್ನು ಕಟ್ಟುವ ಕಸುಬಿನ ಚರಿತ್ರೆಯನ್ನು ಪ್ರಸಿದ್ಧ ಹಡಗುಗಳ ಇಲ್ಲವೇ ಕಂಪನಿಗಳ ಹೆಸರು ಹಿಡಿದು ಹೇಳುವ ರೂಢಿಯಿದೆಯಾದರೂ, ಅದನ್ನು ಒಂದು ಕಂಬಿಬೇಲಿಯ ಕಥೆಯಾಗಿ ನೋಡಿದರೆ ಅದರ ಒಳಗಿನ ಒತ್ತಡಗಳು ಹೆಚ್ಚು ಸ್ಪಷ್ಟವಾಗುತ್ತವೆ. ಹಡಗಿನ ಮೇಲಟ್ಟದ, ಅಂದರೆ ಡೆಕ್ಕಿನ, ಅಂಚಿನಲ್ಲಿ ನಾವಿಕರು ಕಡಲಿಗೆ ಬೀಳದಿರಲೆಂದು ನೆಟ್ಟ ಕಂಬಿಬೇಲಿಯ ಗೂಟ ಸುಮಾರು 3 ಸೆಂ.ಮೀ. ದಪ್ಪವಿದೆಯೆಂದು ಇಟ್ಟುಕೊಂಡರೆ, 48ರಲ್ಲೊಂದು ಪಾಲಿನ ಮಾದರಿಯಲ್ಲಿ ಅದು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪವಿರುತ್ತದೆ. ಇಂದು ಹೆಚ್ಚು ಜನಪ್ರಿಯವಾಗಿರುವ 700ರಲ್ಲೊಂದು ಪಾಲಿನ ಮಾದರಿಯಲ್ಲಿ ಅದೇ ಗೂಟ 0.04 ಮಿ.ಮೀ.ಗೆ ಇಳಿದು ಮನುಷ್ಯನ ತಲೆಗೂದಲಿಗಿಂತ ತೆಳುವಾಗುತ್ತದೆ. ಈ ತೆಳುವನ್ನು ಯಾವ ವಸ್ತುವಿನಿಂದ ಮಾಡುವುದು ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲ ಕೊಟ್ಟ ಉತ್ತರಗಳೇ ಈ ಕಸುಬಿನ ಚರಿತ್ರೆಯ ಬಹುಪಾಲನ್ನು ತುಂಬಿವೆ.

ಮೊದಲ ದೊಡ್ಡ ಪರಂಪರೆಗೆ ಈ ತೊಡಕು ಇರಲಿಲ್ಲ. 17ನೆಯ ಶತಮಾನದ ಉತ್ತರಾರ್ಧದಿಂದ ಇಂಗ್ಲೆಂಡಿನಲ್ಲಿ ತಯಾರಾದ, ನೌಕಾಮಂಡಳಿಯ ಮಾದರಿಗಳೆಂದೇ ಹೆಸರಾದ ಮರದ ಹಡಗುಗಳು ಹೆಚ್ಚಾಗಿ ಒಂದು ಅಡಿಗೆ ಕಾಲು ಇಂಚು, ಅಂದರೆ 48ರಲ್ಲೊಂದು ಪಾಲಿನ ಲೆಕ್ಕದಲ್ಲಿದ್ದವು. ಅವುಗಳ ತಳಭಾಗಕ್ಕೆ ಹಲಗೆ ಹೊದಿಸದೆ ಪಕ್ಕೆಲುಬುಗಳು ಕಾಣುವಂತೆ ಬಿಡುತ್ತಿದ್ದುದರಿಂದ, ಹಡಗು ಕಟ್ಟುವ ಬಗೆಯನ್ನೇ ನೋಡುಗರ ಮುಂದೆ ಬಿಚ್ಚಿಟ್ಟಂತಾಗುತ್ತಿತ್ತು. ಇಷ್ಟು ದೊಡ್ಡ ಪ್ರಮಾಣದಲ್ಲಿ ನುರಿತ ಬಡಗಿಯ ಉಳಿಗೆ ಯಾವ ಭಾಗವೂ ನಿಲುಕದಷ್ಟು ಸಣ್ಣದಾಗಿರಲಿಲ್ಲ. ಆದರೆ 1793ರಿಂದ 1815ರವರೆಗಿನ ಯುದ್ಧಗಳಲ್ಲಿ ಸೆರೆಸಿಕ್ಕು, ಪೀಟರ್‌ಬರೊ ಸಮೀಪದ ನಾರ್ಮನ್ ಕ್ರಾಸ್‌ನಂಥ ಬ್ರಿಟಿಷ್ ಬಂದೀಖಾನೆಗಳಲ್ಲಿ ವರ್ಷಗಟ್ಟಲೆ ಕಳೆದ ಫ್ರೆಂಚ್ ಸೈನಿಕರು ಮತ್ತು ನಾವಿಕರು, ಊಟದಲ್ಲಿ ಉಳಿದ ಮಾಂಸದ ಮೂಳೆಗಳನ್ನೇ ಕೆತ್ತಿ ಅಂಗೈಯಗಲದ ಹಡಗುಗಳನ್ನು ಮಾಡಿ ಮಾರತೊಡಗಿದಾಗ ತೆಳುವಿನ ಪ್ರಶ್ನೆ ಮೊದಲ ಬಾರಿಗೆ ನಿಜವಾಗಿ ಎದುರಾಯಿತು. ಹಾಯಿಪಟದ ಹಗ್ಗಗಳಿಗೆ ಅವರು ರೇಷ್ಮೆಯ ಎಳೆಯ ಜೊತೆಗೆ ಕೂದಲನ್ನೂ ಬಳಸಿದರು ಎಂಬುದು ಈ ಕಸುಬಿನ ಅತ್ಯಂತ ಮನಕಲಕುವ ಸಂಗತಿ. ಪ್ರಮಾಣಬದ್ಧ ದಾರ ಬೇಕೆಂದಾಗ ಬಂದಿಗಳಿಗೆ ಸಿಕ್ಕಿದ್ದು ಇಂಥ ಎಳೆಗಳೇ.

20ನೆಯ ಶತಮಾನದಲ್ಲಿ ಈ ಕಸುಬು ಕುಶಲಕರ್ಮಿಯ ಕೈಯಿಂದ ಶಾಲಾಬಾಲಕನ ಮೇಜಿಗೆ ಇಳಿದುಬಂದ ಕಥೆಯ ಮುಖ್ಯ ಊರು ಜಪಾನಿನ ಶಿಜುಒಕಾ. ಸುತ್ತಲಿನ ಬೆಟ್ಟಗಳ ಮರ ಮತ್ತು ಟೊಕುಗಾವ ಆಳ್ವಿಕೆಯ ಕಾಲದಲ್ಲಿ ಸೆಂಗೆನ್ ದೇಗುಲದ ಕೆಲಸಕ್ಕೆ ಬಂದು ನೆಲೆಸಿದ ಬಡಗಿಗಳೇ ಊರಿನ ಮರಗೆಲಸಕ್ಕೆ ಮೂಲವೆಂದು ಅಲ್ಲಿಯವರು ಹೇಳುತ್ತಾರೆ. 1946ರಲ್ಲಿ ಮರದ ವ್ಯಾಪಾರವಾಗಿ ಆರಂಭವಾದ ತಮಿಯಾ ಸಂಸ್ಥೆ ಕೆಲಕಾಲದಲ್ಲೇ ಮರದ ಮಾದರಿಗಳನ್ನೂ ಮಾಡತೊಡಗಿತು. 1951ರ ಬೆಂಕಿ ಅನಾಹುತದ ನಂತರ ಮರದ ಅಡ್ಡೆಯನ್ನು ಕೈಬಿಟ್ಟು ಮಾದರಿಗಳನ್ನೇ ನೆಚ್ಚಿತು. 1960ರಲ್ಲಿ ಅದು ಹೊರತಂದ ಮೊದಲ ಪ್ಲಾಸ್ಟಿಕ್ ಕಿಟ್ 800ರಲ್ಲೊಂದು ಪಾಲಿನ ಯಮಾಟೊ ಯುದ್ಧನೌಕೆಯಾಗಿತ್ತು. ಆದರೆ ಇನ್ನೊಂದು ಕಂಪನಿ ಅದೇ ಹಡಗಿನ ಕಿಟ್ಟನ್ನು ಅಗ್ಗದ ದರಕ್ಕೆ ಮಾರುತ್ತಿದ್ದುದರಿಂದ ತಮಿಯಾ ತನ್ನ ಬೆಲೆಯನ್ನು ಇಳಿಸಿ ನಷ್ಟ ಅನುಭವಿಸಬೇಕಾಯಿತು. ಜಗತ್ತಿನ ಅತಿ ಹೆಸರುವಾಸಿ ಮಾದರಿ ಸಂಸ್ಥೆಯೊಂದರ ಪ್ಲಾಸ್ಟಿಕ್ ಯುಗ ಹೀಗೆ ಮುಳುಗಿದ ಹಡಗಿನ ಹೆಸರಲ್ಲಿ, ನಷ್ಟದೊಂದಿಗೇ ಶುರುವಾಯಿತು.

1971ರಲ್ಲಿ ಶಿಜುಒಕಾ ಪ್ರಾಂತ್ಯದ ತಮಿಯಾ, ಹಾಸೆಗಾವಾ, ಅಒಶಿಮಾ ಮತ್ತು ಫುಜಿಮಿ ಸಂಸ್ಥೆಗಳು ತಮ್ಮ ಸ್ಪರ್ಧೆಯನ್ನು ಬದಿಗಿಟ್ಟು, ಎರಡನೆಯ ಮಹಾಯುದ್ಧದ ಜಪಾನೀ ನೌಕಾಪಡೆಯ ಹಡಗುಗಳನ್ನು ಪಾಲು ಮಾಡಿಕೊಂಡು, ಎಲ್ಲವನ್ನೂ 700ರಲ್ಲೊಂದು ಪಾಲಿನಲ್ಲಿ ತಯಾರಿಸುವ ಒಪ್ಪಂದಕ್ಕೆ ಬಂದವು. ವಾಟರ್‌ಲೈನ್ ಎಂದು ಕರೆದ ಈ ಸರಣಿಯ ಹಡಗುಗಳಿಗೆ ನೀರಿನ ಮಟ್ಟದ ಕೆಳಗಿನ ಭಾಗವೇ ಇರುವುದಿಲ್ಲವಾದ್ದರಿಂದ, ಮೇಜಿನ ಮೇಲಿಟ್ಟಾಗ ಮೇಜೇ ಕಡಲಾಗುತ್ತದೆ. ಬೇರೆ ಬೇರೆ ಕಾರ್ಖಾನೆಗಳ ಹಡಗುಗಳನ್ನು ಒಂದೇ ಅಳತೆಯಲ್ಲಿ ಪಕ್ಕಪಕ್ಕ ನಿಲ್ಲಿಸುವ ಈ ಅವಕಾಶ ಸಂಗ್ರಹಕಾರರಿಗೆ ದೊಡ್ಡ ಆಕರ್ಷಣೆಯಾಯಿತು. 263 ಮೀಟರ್ ಉದ್ದದ ಯಮಾಟೊ ಸುಮಾರು 37.5 ಸೆಂ.ಮೀ.ಗೆ ಇಳಿದು ಸಾಮಾನ್ಯ ಮನೆಯ ಕಪಾಟಿನಲ್ಲಿ ನಿಲ್ಲುವಂತಾಯಿತು. ಆದರೆ ಕಂಬಿಬೇಲಿ ಮಾತ್ರ ಕಾಣೆಯಾಯಿತು. ಕರಗಿಸಿದ ಪಾಲಿಸ್ಟೈರೀನನ್ನು ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ನುಗ್ಗಿಸುವಾಗ ಅದು ಅತಿ ಸಣ್ಣ ಸಂದುಗಳಿಗೆ ಹರಿಯುವ ಮೊದಲೇ ಗಟ್ಟಿಯಾಗುವುದರಿಂದ, ಅರ್ಧ ಮಿಲಿಮೀಟರ್ ದಪ್ಪದ ಕಂಬಿ ಬಂದರೂ ಅದು ನಿಜಗಾತ್ರದಲ್ಲಿ 35 ಸೆಂ.ಮೀ. ದಪ್ಪದ ತೊಲೆಯಾಗಿಬಿಡುತ್ತದೆ. ಅಂಥ ಬೇಲಿಗಿಂತ ಬೇಲಿಯಿಲ್ಲದಿರುವುದೇ ಲೇಸೆಂದು ತಯಾರಕರು ಹೆಚ್ಚಾಗಿ ಅದನ್ನು ಬಿಟ್ಟೇಬಿಟ್ಟರು. ಹಟ ಬಿಡದ ಹವ್ಯಾಸಿಗಳು ಕಿಟ್ಟಿನ ಬಿಡಿಭಾಗಗಳನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್ ಕಡ್ಡಿಯನ್ನೇ ಮೇಣದಬತ್ತಿಯ ಮೇಲೆ ಹಿಡಿದು, ಮೆತ್ತಗಾದೊಡನೆ ಎರಡೂ ಕೈಗಳಿಂದ ಸೆಳೆದು, ಜೇಡರಬಲೆಯಂಥ ಎಳೆ ತೆಗೆದು ಒಂದೊಂದಾಗಿ ಅಂಟಿಸುತ್ತಿದ್ದರು.

ಈ ಕೊರತೆಯನ್ನು ನೀಗಿದ ವಿದ್ಯೆ ಹಡಗಿನ ಕಡೆಯಿಂದ ಬಂದದ್ದಲ್ಲ, ಮುದ್ರಣದ ಕಡೆಯಿಂದ ಬಂದದ್ದು. ಬೆಳಕು ತಾಗಿದಲ್ಲಿ ಗಟ್ಟಿಯಾಗುವ ಲೇಪವನ್ನು ಲೋಹದ ಮೇಲೆ ಹಚ್ಚಿ, ಚಿತ್ರದ ಮೂಲಕ ಬೆಳಕು ಹಾಯಿಸಿ, ಗಟ್ಟಿಯಾಗದ ಲೇಪವನ್ನು ತೊಳೆದು, ಬಯಲಾದ ಲೋಹವನ್ನು ರಾಸಾಯನಿಕಕ್ಕೆ ತಿನ್ನಿಸುವ ವಿಧಾನದ ಮೇಲೆ ಇಂಗ್ಲೆಂಡಿನ ಛಾಯಾಗ್ರಹಣದ ಪ್ರವರ್ತಕ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1852 ಮತ್ತು 1858ರಲ್ಲಿ ಪೇಟೆಂಟ್ ಪಡೆದಿದ್ದ. ಎರಡನೆಯದರಲ್ಲಿ ಅವನು ಬಳಸಿದ ಫೆರಿಕ್ ಕ್ಲೋರೈಡ್ ಇಂದಿಗೂ ಹಿತ್ತಾಳೆ ಕೊರೆಯುವ ಕಾರ್ಖಾನೆಗಳ ಮುಖ್ಯ ದ್ರಾವಣ. ಕನ್ನಡ ಓದುಗರಿಗೆ ಈ ವಿದ್ಯೆಯ ಒಂದು ರೂಪ ಹೊಸದೇನಲ್ಲ. ಆಫ್‌ಸೆಟ್ ಮುದ್ರಣ ಬರುವ ಮೊದಲು, ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಕನ್ನಡ ಪತ್ರಿಕೆಗಳಲ್ಲಿ ಕಾಣುವ ಛಾಯಾಚಿತ್ರಗಳು ಮತ್ತು ವ್ಯಂಗ್ಯಚಿತ್ರಗಳು ಹೀಗೆ ಆಮ್ಲದಲ್ಲಿ ಕೊರೆದ ಲೋಹದ ಬ್ಲಾಕುಗಳಿಂದಲೇ ಮೂಡಿದವು. ಬ್ಲಾಕಿನಲ್ಲಿ ಕೊರೆತ ಅರ್ಧಕ್ಕೆ ನಿಲ್ಲುತ್ತದೆ, ಹಡಗಿನ ಭಾಗದಲ್ಲಿ ತಗಡನ್ನು ತೂರಿಹೋಗುತ್ತದೆ, ವ್ಯತ್ಯಾಸ ಅಷ್ಟೆ. 20ನೆಯ ಶತಮಾನದ ನಡುವಿನಲ್ಲಿ ಎಲೆಕ್ಟ್ರಾನಿಕ್ಸ್ ಉದ್ಯಮ ಇದೇ ವಿಧಾನದಿಂದ ವಿದ್ಯುನ್ಮಂಡಲದ ಫಲಕಗಳನ್ನೂ ಬಣ್ಣದ ಟಿ.ವಿ.ಯ ತೂತು ತಗಡುಗಳನ್ನೂ ರಾಶಿರಾಶಿಯಾಗಿ ಮಾಡತೊಡಗಿದ ಮೇಲೆ, ಸಣ್ಣ ವ್ಯಾಪಾರಿಗೂ ತನ್ನ ಚಿತ್ರವನ್ನು ಲೋಹದಲ್ಲಿ ಕೊರೆಸುವುದು ಕೈಗೆಟುಕುವ ಮಾತಾಯಿತು.

1980ರ ದಶಕದಲ್ಲಿ ಅಮೆರಿಕದ ಗೋಲ್ಡ್ ಮೆಡಲ್ ಮಾಡೆಲ್ಸ್‌ನಂಥ ಚಿಕ್ಕ ಸಂಸ್ಥೆಗಳು ಹಡಗುಗಳಿಗೆಂದೇ ಇಂಥ ತಗಡುಗಳನ್ನು ಮಾರುತ್ತಿದ್ದವು; 1989ರಲ್ಲಿ ಹುಟ್ಟಿದ ಚೆಕ್ ಸಂಸ್ಥೆ ಎಡುವರ್ಡ್ ಮುಂದೆ ಇದನ್ನು ದೊಡ್ಡ ಉದ್ಯಮವಾಗಿ ಬೆಳೆಸಿತು. ಫ್ರೆಟ್ ಎಂದು ಕರೆಯುವ ಈ ತಗಡು ಅಂಗೈಯಗಲದ, 0.1ರಿಂದ 0.2 ಮಿ.ಮೀ. ದಪ್ಪದ ಹಿತ್ತಾಳೆ ಹಾಳೆ. ಹಳೆಯ ಗುಡಿಯ ಜಾಲಂದ್ರವನ್ನು ಉಗುರಿನಗಲಕ್ಕೆ ಕುಗ್ಗಿಸಿದಂತೆ ಅದರ ಚೌಕಟ್ಟಿನೊಳಗೆ ಕಂಬಿಬೇಲಿಯ ಪಟ್ಟಿಗಳು, ಏಣಿಗಳು, ರೇಡಾರಿನ ಬಲೆಗಳು, ವಿಮಾನ ಎತ್ತುವ ಕ್ರೇನಿನ ತೋಳುಗಳು ಚಿಕ್ಕ ಚಿಕ್ಕ ಕೊಂಡಿಗಳಿಂದ ನೇತಾಡುತ್ತಿರುತ್ತವೆ. ಮಡಿಸಬೇಕಾದ ಗೆರೆಗಳಲ್ಲಿ ಮಾತ್ರ ತಗಡಿನ ಅರ್ಧ ದಪ್ಪವನ್ನು ಕೊರೆದಿರುವುದರಿಂದ, ಆ ಗೆರೆಯುದ್ದಕ್ಕೂ ಒತ್ತಿದರೆ ಚಪ್ಪಟೆಯಾದ ನಕ್ಷೆ ಎದ್ದು ನಿಂತು ಪೆಟ್ಟಿಗೆಯಾಗುತ್ತದೆ, ತೋಳಾಗುತ್ತದೆ. ಹಿತ್ತಾಳೆಗೆ ಪ್ಲಾಸ್ಟಿಕ್ಕಿನ ಅಂಟು ಹತ್ತುವುದಿಲ್ಲ; ಸಯನೊಅಕ್ರಿಲೇಟ್, ಅಂದರೆ ಕ್ಷಣದಲ್ಲಿ ಹಿಡಿಯುವ ಅಂಟಿನ ಒಂದು ಹನಿಯನ್ನು ಸೂಜಿಮೊನೆಯಲ್ಲಿ ಮುಟ್ಟಿಸಬೇಕು, ತುಸು ಹೆಚ್ಚಾದರೆ ಬೇಲಿಯ ಸಂದುಗಳೆಲ್ಲ ತುಂಬಿ ಗಾಜಿನಂತಾಗುತ್ತವೆ. ಕತ್ತರಿಸುವಾಗ ಸಿಡಿದು ನೆಲಕ್ಕೆ ಬಿದ್ದ ತುಣುಕು ಸಾಮಾನ್ಯವಾಗಿ ಮರಳಿ ಸಿಗುವುದಿಲ್ಲ.

ಆದರೂ ಹಿತ್ತಾಳೆಯ ತಗಡು ನಿಜವನ್ನು ಮುಟ್ಟಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ದ್ರಾವಣವು ಕೆಳಮುಖವಾಗಿ ತಿನ್ನುವಾಗಲೇ ಪಕ್ಕಕ್ಕೂ ತಿನ್ನುವುದರಿಂದ, ಕೊರೆದ ಕಂಬಿಯ ಅಗಲ ತಗಡಿನ ದಪ್ಪಕ್ಕಿಂತ ತೀರಾ ಕಡಿಮೆಯಾಗಲಾರದು; 700ರಲ್ಲೊಂದು ಪಾಲಿನಲ್ಲಿ 0.1 ಮಿ.ಮೀ. ಕಂಬಿಯೆಂದರೆ ನಿಜಗಾತ್ರದಲ್ಲಿ ಇನ್ನೂ 7 ಸೆಂ.ಮೀ. ದಪ್ಪದ ಕಂಬಿಯೇ. ಅದು ಚಪ್ಪಟೆಯೂ ಹೌದು, ಹಾಗಾಗಿ ದುಂಡಗಿರಬೇಕಾದ ಫಿರಂಗಿಯ ನಳಿಗೆಯನ್ನು ತಗಡಿನಿಂದ ಮಾಡುವುದು ಸೋಲುವ ಸಾಹಸ. ಈಚೆಗೆ ತಗಡಿನ ರಾಶಿಯನ್ನೇ ಗುಣವೆಂದು ತಿಳಿಯುವ ಭ್ರಮೆ ಹಬ್ಬಿದೆ. ತಮ್ಮ ಮೊದಲ ಹಡಗು ಕಟ್ಟುವವರು ಬೇಲಿ ಮತ್ತು ಕ್ರೇನು ಎರಡನ್ನೇ ಹಿತ್ತಾಳೆಯಲ್ಲಿ ಹಾಕಿ ಉಳಿದದ್ದನ್ನು ಪ್ಲಾಸ್ಟಿಕ್ಕಿನಲ್ಲೇ ಬಿಟ್ಟರೆ ಹಡಗು ಮುಗಿಯುತ್ತದೆ. ಇಡೀ ತಗಡನ್ನು ಬಳಸಲು ಹೊರಟವರ ಹಡಗುಗಳು ಹೆಚ್ಚಾಗಿ ಪೆಟ್ಟಿಗೆಯಲ್ಲೇ ಉಳಿಯುತ್ತವೆ.

ಯಮಾಟೊ ನಿರ್ಮಾಣವಾದ ಕುರೆ ನಗರದಲ್ಲಿ 2005ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಅದೇ ಹಡಗಿನ 10ರಲ್ಲೊಂದು ಪಾಲಿನ, 26.3 ಮೀಟರ್ ಉದ್ದದ ಮಾದರಿ ನಿಂತಿದೆ. ಆ ಪ್ರಮಾಣದಲ್ಲಿ ಕಂಬಿಬೇಲಿಯ ಗೂಟಕ್ಕೆ ಬೇಕಾದದ್ದು 3 ಮಿ.ಮೀ. ದಪ್ಪದ ಲೋಹದ ಸರಳು. ಅದು ಯಾವ ಊರಿನ ಕಬ್ಬಿಣದ ಅಂಗಡಿಯಲ್ಲೂ ಸಿಗುತ್ತದೆ.