ಹವ್ಯಾಸಿಗಳ ಕೈಗೆ ಮರಳಿದ ಡಿಶ್

ಬಾಹ್ಯಾಕಾಶದಿಂದ ಬರುವ ರೇಡಿಯೋ ಸದ್ದನ್ನು ಮೊದಲು ಗುರುತಿಸಿದವನು ಬೆಲ್ ಪ್ರಯೋಗಾಲಯದ ಎಂಜಿನಿಯರ್ ಕಾರ್ಲ್ ಜಾನ್ಸ್ಕಿ. ಅಟ್ಲಾಂಟಿಕ್ ದಾಟುವ ಫೋನ್ ಕರೆಗಳಿಗೆ ಅಡ್ಡಿಯಾಗುವ ಗೊರಗೊರ ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತ ಹೋದವನು 1930ರ ದಶಕದ ಆರಂಭದಲ್ಲಿ ಕ್ಷೀರಪಥದ ನಡುವಿಗೇ ಬಂದು ನಿಂತ. ಖಗೋಳಜ್ಞರು ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಹಚ್ಚಿಕೊಂಡವನು ಗ್ರೋಟ್ ರೀಬರ್ ಎಂಬ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋಗಾರ. 1937ರಲ್ಲಿ ಅಮೆರಿಕದ ವೀಟನ್ ಊರಿನ ಮನೆಯ ಅಂಗಳದಲ್ಲಿ ಸ್ವಂತ ದುಡ್ಡಿನಲ್ಲಿ ಒಂಬತ್ತು ಮೀಟರಿಗೂ ದೊಡ್ಡ ಡಿಶ್ ಕಟ್ಟಿ ನಿಲ್ಲಿಸಿದ. ಹಗಲು ಶಿಕಾಗೋದಲ್ಲಿ ನೌಕರಿ, ಮಧ್ಯರಾತ್ರಿಯ ನಂತರ ಆಕಾಶಕ್ಕೆ ಕಿವಿ. ಹಗಲಲ್ಲಾದರೆ ಬೀದಿಯಲ್ಲಿ ಓಡುವ ಕಾರುಗಳ ಎಂಜಿನ್ ಕಿಡಿ ಕೂಡ ರಿಸೀವರಿನಲ್ಲಿ ಗದ್ದಲ ಎಬ್ಬಿಸುತ್ತಿತ್ತು. ಮೊದಲು 3300 ಮೆಗಾಹರ್ಟ್ಜ್‌ನಲ್ಲಿ ಹುಡುಕಿದ, ಏನೂ ಸಿಗಲಿಲ್ಲ. 900ರಲ್ಲೂ ಇಲ್ಲ. ಕೊನೆಗೆ 160ರಲ್ಲಿ ಕ್ಷೀರಪಥ ಕೇಳಿಸಿತು. ಹಲವು ವರ್ಷ ಜಗತ್ತಿನ ರೇಡಿಯೋ ಖಗೋಳ ವಿಜ್ಞಾನವೆಂದರೆ ಹೆಚ್ಚುಕಡಿಮೆ ಅವನೊಬ್ಬನೇ.

ಅವನ ಲೇಖನ ಯುದ್ಧಕಾಲದ ನೆದರ್ಲೆಂಡ್ಸ್‌ನಲ್ಲಿ ಖಗೋಳಜ್ಞ ಯಾನ್ ಊರ್ಟ್ ಕೈಗೆ ಸಿಕ್ಕಿತು. ಊರ್ಟ್ ವಿದ್ಯಾರ್ಥಿ ಫಾನ್ ಡೆ ಹುಲ್ಸ್ಟ್‌ಗೆ ಲೆಕ್ಕ ಹಾಕಲು ಹಚ್ಚಿದ. ಹೈಡ್ರೋಜನ್ 21 ಸೆಂಟಿಮೀಟರ್ ಅಲೆಯಲ್ಲಿ ಕೇಳಿಸಬೇಕು ಎಂದು 1944ರಲ್ಲಿ ಉತ್ತರ ಬಂತು. ಅಮೆರಿಕದ ಯೂವೆನ್ ಮತ್ತು ಪರ್ಸೆಲ್ 1951ರಲ್ಲಿ ಅದನ್ನು ಹಿಡಿದರು. ಕೆಲವೇ ವಾರಗಳಲ್ಲಿ ಊರ್ಟ್ ಮತ್ತು ಎಂಜಿನಿಯರ್ ಸಿ.ಎ. ಮುಲ್ಲರ್ ಜರ್ಮನರು ಬಿಟ್ಟುಹೋದ ರಾಡಾರ್ ಡಿಶ್ ಬಳಸಿ ಅದನ್ನೇ ಖಚಿತಪಡಿಸಿದರು. ಅದರ ಬೆನ್ನಿಗೆ ನೆದರ್ಲೆಂಡ್ಸ್‌ನ ಡ್ವಿಂಗೆಲೋ ಹಳ್ಳಿಯ ಬಯಲಿನಲ್ಲಿ 25 ಮೀಟರ್ ಅಗಲದ ರೇಡಿಯೋ ದೂರದರ್ಶಕ ಎದ್ದಿತು. 1956ರಲ್ಲಿ ರಾಣಿ ಯೂಲಿಯಾನಾ ಉದ್ಘಾಟಿಸಿದಾಗ ಈ ಬಗೆಯ ದೂರದರ್ಶಕಗಳಲ್ಲಿ ಜಗತ್ತಿನಲ್ಲೇ ದೊಡ್ಡದು. ಮರುವರ್ಷ ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕ್ ಅದನ್ನು ಮೀರಿಸಿತು.

ಚಂದ್ರನಿಂದ ರೇಡಿಯೋ ಪ್ರತಿಧ್ವನಿ ಪಡೆದ ಕಥೆಯ ದಾರಿ ಬೇರೆ, ಮನುಷ್ಯರ ಜಾತಿ ಒಂದೇ. ಜಾನ್ ಡೆವಿಟ್ ಹ್ಯಾಮ್ ಆಗಿದ್ದವನು. 1940ರಲ್ಲೇ ಚಂದ್ರನಿಗೆ ರೇಡಿಯೋ ಅಲೆ ಬಡಿಸಿ ಹಿಂದಕ್ಕೆ ಪಡೆಯಲು ನೋಡಿ ಸೋತಿದ್ದ. ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆಯ ರಾಡಾರ್ ಅವನ ಕೈಯಲ್ಲಿತ್ತು. ಆಂಟೆನಾವನ್ನು ಮೇಲೆತ್ತಲು ಬರುತ್ತಿರಲಿಲ್ಲ, ಹಾಗಾಗಿ ಚಂದ್ರ ಮೂಡುವಾಗ ಇಲ್ಲವೇ ಮುಳುಗುವಾಗ ಮಾತ್ರ ಅವಕಾಶ. 1946ರ ಜನವರಿ 10ರಂದು ನ್ಯೂಜೆರ್ಸಿಯಲ್ಲಿ, ಅಲೆ ಬಿಟ್ಟ ಎರಡೂವರೆ ಸೆಕೆಂಡಿಗೆ ಪ್ರತಿಧ್ವನಿ ಬಂತು. ಆ ಹೊತ್ತಿಗೆ ಡೆವಿಟ್ ಊಟಕ್ಕೆ ಹೋಗಿದ್ದ! ಮುಂದಿನ ತಿಂಗಳೇ ಹಂಗೇರಿಯ ಜೋಲ್ಟಾನ್ ಬಾಯ್ ಬೇರೆ ಉಪಾಯದಿಂದ ಅದೇ ಸಾಧಿಸಿದ.

ಹವ್ಯಾಸಿಗಳು ಚಂದ್ರನ ಮೂಲಕ ಇಬ್ಬದಿಯ ಸಂಪರ್ಕ ಸಾಧಿಸಿದ್ದು 1960ರ ಜುಲೈನಲ್ಲಿ. ಒಂದು ತುದಿಯಲ್ಲಿ ಮ್ಯಾಸಚೂಸೆಟ್ಸ್‌ನ ರೋಡೋಡೆಂಡ್ರಾನ್ ಸ್ವಾಂಪ್ ವಿಎಚ್‌ಎಫ್ ಸೊಸೈಟಿ (ಹೆಸರಿಡುವುದರಲ್ಲೂ ಹ್ಯಾಮ್‌ಗಳ ತುಂಟತನ!), ಇನ್ನೊಂದರಲ್ಲಿ ಕ್ಯಾಲಿಫೋರ್ನಿಯದ ಐಮ್ಯಾಕ್ ರೇಡಿಯೋ ಕ್ಲಬ್. ಬಳಸಿದ್ದು 1296 ಮೆಗಾಹರ್ಟ್ಜ್. ಇದು ಹುಡುಗಾಟವಲ್ಲ. ಹೋಗಿಬರಲು ಏಳೂವರೆ ಲಕ್ಷ ಕಿಲೋಮೀಟರ್. ಚಂದ್ರನಿಗೆ ತಾಗಿದ್ದರಲ್ಲಿ ನೂರಕ್ಕೆ ಏಳರಷ್ಟು ಮಾತ್ರ ವಾಪಸ್ಸು, ಅದೂ ದಿಕ್ಕುದಿಕ್ಕಿಗೆ ಚೆದುರಿ. ಚಂದ್ರನ ಗುಡ್ಡಗುಂಡಿಗಳಿಂದ ಬರುವ ಪ್ರತಿಫಲನಗಳು ಒಂದನ್ನೊಂದು ಕೆಡಿಸಿ ಸದ್ದು ನಡುಗುತ್ತದೆ. ಭೂಮಿ ತಿರುಗುವುದರಿಂದ ಕಂಪನಾಂಕವೂ ಜರುಗುತ್ತಿರುತ್ತದೆ. ಮುಂದೆ ದಶಕಗಟ್ಟಲೆ ಈ ಆಟ ದೊಡ್ಡ ಆಂಟೆನಾ, ಕಿಲೋವ್ಯಾಟ್ ಶಕ್ತಿ, ಮೋರ್ಸ್ ಸಂಕೇತ ಬಲ್ಲ ಪಳಗಿದ ಕಿವಿ, ಈ ಮೂರೂ ಇದ್ದವರದಾಗಿಯೇ ಉಳಿಯಿತು.

ಅದನ್ನು ಬದಲಿಸಿದವರು ಜೋ ಟೇಲರ್. ಅವಳಿ ಪಲ್ಸಾರ್ ಕಂಡುಹಿಡಿದದ್ದಕ್ಕೆ 1993ರಲ್ಲಿ ನೊಬೆಲ್ ಹಂಚಿಕೊಂಡವರು, ಹುಡುಗನಾಗಿದ್ದಾಗಿನಿಂದ ಹ್ಯಾಮ್. ಗದ್ದಲದಲ್ಲಿ ಹೂತುಹೋದ ಸಂಕೇತವನ್ನು ಹೆಕ್ಕುವುದು ಅವರ ವೃತ್ತಿಯಾಗಿತ್ತು. ಅದೇ ವಿದ್ಯೆಯನ್ನು ಉಚಿತ ತಂತ್ರಾಂಶವಾಗಿಸಿ ಹಂಚಿದರು. ಅವರ ಜೆಟಿ65 ವಿಧಾನದಲ್ಲಿ ಇಬ್ಬರ ಕರೆಸಂಕೇತ, ಊರಿನ ಗುರುತು ಇಷ್ಟನ್ನೇ ಮುಕ್ಕಾಲು ನಿಮಿಷ ಎಳೆದು ಕಳಿಸುತ್ತಾರೆ. ಕಿವಿಗೆ ಏನೂ ಕೇಳದಿದ್ದರೂ ಪರದೆಯ ಮೇಲೆ ಹೆಸರು ಮೂಡುತ್ತದೆ. ಮಾತಾಡಿದ್ದು ಕಂಪ್ಯೂಟರೋ ಮನುಷ್ಯನೋ ಎಂದು ಹಳಬರು ಗೊಣಗುತ್ತಾರೆ. ಆ ಗೊಣಗಾಟದಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಮನೆಯ ಮಾಳಿಗೆ ಮೇಲಿನ ಯಾಗಿ ಆಂಟೆನಾದವರಿಗೂ ಚಂದ್ರ ಎಟಕಿದ್ದು ಇದರಿಂದಲೇ.

ಇತ್ತ ಡ್ವಿಂಗೆಲೋ ದೂರದರ್ಶಕ ಮುಪ್ಪಾಗಿತ್ತು. ಕ್ಷೀರಪಥದ ದೂಳಿನ ಹಿಂದೆ ಅಡಗಿದ್ದ ಒಂದು ಗ್ಯಾಲಕ್ಸಿಯನ್ನು 1994ರಲ್ಲಿ ಪತ್ತೆಮಾಡಿ (ಅದಕ್ಕೆ ಡ್ವಿಂಗೆಲೋ 1 ಎಂದೇ ಹೆಸರು) ಕೆಲ ವರ್ಷಕ್ಕೆ ವೃತ್ತಿಯಿಂದ ನಿವೃತ್ತವಾಯಿತು. ತುಕ್ಕು ಹಿಡಿಯುತ್ತಿದ್ದ ಅದನ್ನು ಉಳಿಸಲು ಹ್ಯಾಮ್‌ಗಳು, ಖಗೋಳಾಸಕ್ತರು ಸೇರಿ 2007ರಲ್ಲಿ ಕಾಮ್ರಾಸ್ ಎಂಬ ಪ್ರತಿಷ್ಠಾನ ಕಟ್ಟಿದರು. ಹೆಸರಿನ ಮೊದಲಕ್ಷರಗಳು ಸಿ.ಎ. ಮುಲ್ಲರನವು. 2009ರಲ್ಲಿ ದೂರದರ್ಶಕ ರಾಷ್ಟ್ರೀಯ ಸ್ಮಾರಕವಾಯಿತು. 2012ರಲ್ಲಿ ಕ್ರೇನ್ ಹಚ್ಚಿ ಡಿಶ್ಶನ್ನೇ ಕೆಳಗಿಳಿಸಿ ದುರಸ್ತಿ ಮಾಡಿದರು. 2014ರಲ್ಲಿ ಮರು ಉದ್ಘಾಟನೆಗೆ ಬಂದವರು ಇದೇ ಟೇಲರ್.

ಇಲ್ಲಿ ತಿರುಗುವುದು ಡಿಶ್ ಒಂದೇ ಅಲ್ಲ. ಕೆಳಗಿನ ಕೋಣೆಯೂ ಅದರೊಳಗೆ ಕೂತವರೂ ದುಂಡನೆಯ ಹಳಿಯ ಮೇಲೆ ಒಟ್ಟಿಗೆ ತಿರುಗುತ್ತಾರೆ. ಹೈಡ್ರೋಜನ್ನಿನ 21 ಸೆಂಟಿಮೀಟರ್ ಅಲೆಗೆ, ಅಂದರೆ 1420 ಮೆಗಾಹರ್ಟ್ಜ್‌ಗೆಂದು ಹೆಣೆದ ಡಿಶ್ಶಿನ ಜಾಲರಿ, ಹವ್ಯಾಸಿಗಳ 1296ಕ್ಕೂ ಸಲೀಸಾಗಿ ಒಗ್ಗುತ್ತದೆ. ಸ್ವಯಂಸೇವಕರು ಪಿಐ9ಕ್ಯಾಮ್ ಎಂಬ ಕರೆಸಂಕೇತದಲ್ಲಿ ಚಂದ್ರನ ಮೂಲಕ ಮಾತಾಡುತ್ತಾರೆ. ಕಲಾವಿದೆ ಡೇನಿಯೆಲಾ ಡೆ ಪೌಲಿಸ್ ಜತೆಗೂಡಿ ಚಿತ್ರಗಳನ್ನೂ ಚಂದ್ರನಿಗೆ ಬಡಿಸಿ ಮರಳಿ ಪಡೆದಿದ್ದಾರೆ. 2019ರ ಫೆಬ್ರುವರಿಯಲ್ಲಿ, ಚೀನಾದ ಪುಟ್ಟ ಲಾಂಗ್‌ಜಿಯಾಂಗ್-2 ನೌಕೆ ತೆಗೆದ, ಚಂದ್ರನ ಮರೆಯ ಬದಿಯೂ ಭೂಮಿಯೂ ಒಟ್ಟಿಗಿರುವ ಫೋಟೋವನ್ನು ಇಳಿಸಿಕೊಂಡದ್ದು ಇದೇ ಡಿಶ್. 2025ರ ಮಾರ್ಚಿನಲ್ಲಿ ಜರ್ಮನಿಯ ಸ್ಟೋಕರ್ಟ್‌ನ ಹವ್ಯಾಸಿಗಳೊಂದಿಗೆ ಸೇರಿ ಶುಕ್ರನಿಗೇ ಅಲೆ ಬಡಿಸಿದರು. ಪ್ರತಿಧ್ವನಿಗೆ ನಾಲ್ಕೂವರೆ ನಿಮಿಷಕ್ಕೂ ಹೆಚ್ಚು ಕಾಯಬೇಕಾಯಿತು.

ಅದಕ್ಕೂ ಮುಂಚೆ, 2024ರಲ್ಲಿ, ಸುಮಾರು 2500 ಕೋಟಿ ಕಿಲೋಮೀಟರ್ ಆಚೆಯ ವಾಯೇಜರ್ 1 ನೌಕೆಯ ಸಂಕೇತವೂ ಇಲ್ಲಿ ಸಿಕ್ಕಿತು. ಅದು ಬರುವುದು 8.4 ಗಿಗಾಹರ್ಟ್ಜ್‌ನಲ್ಲಿ. ಅಷ್ಟು ಕಿರಿದಾದ ಅಲೆಯನ್ನು ಈ ಹಳೆಯ ಜಾಲರಿ ಸರಿಯಾಗಿ ಪ್ರತಿಫಲಿಸುವುದಿಲ್ಲ; ಹೊಸ ಆಂಟೆನಾ ಕೂರಿಸಿ, ಭೂಮಿಯ ಮತ್ತು ನೌಕೆಯ ಚಲನೆಯಿಂದಾಗುವ ಕಂಪನಾಂಕದ ಜರುಗಾಟವನ್ನು ಲೆಕ್ಕಹಾಕಿ ಕಳೆದ ಮೇಲೆಯೇ ಪರದೆಯ ಮೇಲೆ ಆ ಸಂಕೇತದ ಗೆರೆ ಕಾಣಿಸಿದ್ದು.