ಬೂತಾಯಿ ಮೀನಿನ ಪೂರ್ವೋತ್ತರ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ನಮಗೆ ಸಮುದ್ರವೆಂಬುದು ದೂರದ ಮಾತು. ಹೊನ್ನಾಳಿಯ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯು ಕೂಡ ಹತ್ತಿರದ ಪಡುಗಡಲಿಗೆ ಬೆನ್ನುಮಾಡಿ, ಕೃಷ್ಣೆಯನ್ನು ಕೂಡಿಕೊಂಡು ಮೂಡಣ ಕಡಲಿಗೆ ಹೋಗುವಳು. ಹೀಗಿದ್ದರೂ ಪಡುಗಡಲಿನ ಸರಕು ನಮ್ಮ ಸಂತೆಗಳಿಗೆ ಬಾರದ ಕಾಲವಿರಲಿಲ್ಲ. ಚನ್ನಗಿರಿಗೆ ಆ ಹೆಸರು ಬಂದದ್ದು ಕೆಳದಿಯ ಚೆನ್ನಮ್ಮಾಜಿಯಿಂದ ಎಂಬ ಪ್ರತೀತಿಯುಂಟು. ಆಕೆಯ ವಂಶದವರ ಕೈಯಲ್ಲಿ ಘಟ್ಟದ ಮೇಲಣ ಸೀಮೆಯೂ ಬಸರೂರು, ಮಂಗಳೂರು ಮೊದಲಾದ ಬಂದರುಗಳೂ ಒಂದೇ ಆಳಿಕೆಗೆ ಸೇರಿದ್ದುವು. ಕಣಿವೆಗಳ ದಾರಿಯಲ್ಲಿ ಹೇರೆತ್ತುಗಳು ಉಪ್ಪನ್ನೂ ತೆಂಗಿನಕಾಯಿಯನ್ನೂ ಒಣಮೀನನ್ನೂ ಹೊತ್ತು ಮೇಲೇರುತ್ತಿದ್ದುವು. ಈ ಲೇಖನವು ಆ ಮೀನುಗಳಲ್ಲಿ ಅತ್ಯಂತ ಅಗ್ಗವಾದ ಒಂದನ್ನು ಕುರಿತದ್ದು. ಮತ್ಸ್ಯಾಹಾರವಿಲ್ಲದ ಮನೆಗಳ ವಾಚಕರು ಪುಟವನ್ನು ಮಗುಚದೆ ಇರಬೇಕೆಂದು ಬಿನ್ನಹ. ಮುಂದೆ ಬರುವುದು ಅಡುಗೆಯ ವಿಚಾರವಲ್ಲ.

ದಕ್ಷಿಣ ಕನ್ನಡದವರು ಇದನ್ನು ಬೂತಾಯಿ ಎನ್ನುವರು. ಕಾರವಾರದ ಕಡೆಯವರಿಗೆ ಇದು ತಾರ್ಲಿ, ಮಲೆಯಾಳಿಗಳಿಗೆ ಮತ್ತಿ. ಪುದುಚೇರಿಯಿಂದ ಹೋದ ಮೀನನ್ನು ನೋಡಿ ಫ್ರೆಂಚ್ ವಿದ್ವಾಂಸ ವಾಲೆನ್ಸಿಯೆನ್ ಎಂಬಾತನು 1847ರಲ್ಲಿ ಇದಕ್ಕೆ ‘ಸಾರ್ಡಿನೆಲ್ಲಾ ಲಾಂಜಿಸೆಪ್ಸ್’ ಎಂಬ ಶಾಸ್ತ್ರೀಯ ನಾಮವನ್ನಿಟ್ಟನು. ಉದ್ದತಲೆಯದೆಂದು ಅದರ ಅರ್ಥ. ಮೈಯುದ್ದವಾದರೋ ಒಂದು ಗೇಣನ್ನು ಮೀರದು. ಆಯುಸ್ಸು ಎರಡು ಮೂರು ವರ್ಷ.

ಸೂಳೆಕೆರೆಯ ಮೀನನ್ನು ಕಂಡು ಬೆಳೆದವರಿಗೆ ಇದರ ಬಾಳು ವಿಚಿತ್ರವೆನಿಸುವುದು. ಕೆರೆಯ ಮೀನಿಗೆ ದಡವುಂಟು, ಕೆಸರುಂಟು, ಜೊಂಡಿನ ಮರೆಯುಂಟು. ಬೂತಾಯಿಗೆ ಇಂಥ ಆಸರೆ ಯಾವುದೂ ಇಲ್ಲ; ಅದರ ಆಸರೆಯೆಲ್ಲ ಅದರ ಹಿಂಡೇ. ಲಕ್ಷಗಟ್ಟಲೆಯಾಗಿ ಕೂಡಿ ಕರೆಯ ಸಮೀಪದಲ್ಲಿ ಮೇಲುನೀರಿನಲ್ಲಿ ಚಲಿಸುವಾಗ ಸಮುದ್ರದ ಬಣ್ಣವೇ ಅಲ್ಲಲ್ಲಿ ಬದಲಾಗುವುದು. ಕಿವಿರಿನೊಳಗಣ ಹಣಿಗೆಯಂಥ ಎಲುಬುಗಳಿಂದ ನೀರನ್ನು ಸೋಸಿ, ಕಣ್ಣಿಗೆ ಕಾಣದಷ್ಟು ಸಣ್ಣದಾದ ಪಾಚಿಯ ಕಣಗಳನ್ನು ಅದು ತಿನ್ನುವುದು. ಈ ಪಾಚಿಗಳಲ್ಲಿ ‘ಫ್ರಾಜಿಲೇರಿಯಾ’ ಎಂಬ ಒಂದು ಜಾತಿಯು ಹೆಚ್ಚಿದ ವರ್ಷ ಬೂತಾಯಿಯೂ ಹೆಚ್ಚುವುದೆಂದು 1955ರಲ್ಲಿ ವಿಜ್ಞಾನಿಗಳು ತೋರಿಸಿದರು.

ಆ ಪಾಚಿಯಾದರೂ ಹೆಚ್ಚುವುದು ಏತರಿಂದ? ನಮಗೆ ಮಳೆಯನ್ನು ತರುವ ನೈಋತ್ಯ ಮಾರುತವೇ ಇಲ್ಲಿಯೂ ಕಾರಣ. ಮುಂಗಾರಿನ ತಿಂಗಳುಗಳಲ್ಲಿ ಗಾಳಿಯೂ ಪ್ರವಾಹವೂ ಕೂಡಿ ಕರೆಯ ಮೇಲುನೀರನ್ನು ಆಚೆಗೆ ತಳ್ಳುವುವು; ಆ ತೆರವಿಗೆ ತಳದ ತಣ್ಣೀರು ಮೇಲೇರುವುದು. ತಳದಲ್ಲಿ ಶೇಖರವಾಗಿದ್ದ ಸಾರವು ಬಿಸಿಲಿಗೆ ಸಿಕ್ಕಿದೊಡನೆ ಪಾಚಿಯು ಹೊಲದ ಪೈರಿನಂತೆ ಏಳುವುದು. ಬೂತಾಯಿಯು ಮೊಟ್ಟೆಯಿಡುವುದೂ ಬಹುಮಟ್ಟಿಗೆ ಈ ಸಮಯದಲ್ಲಿಯೇ. ಒಂದೊಂದು ತಾಯಿಗೆ ಹತ್ತಾರು ಸಾವಿರ ಮೊಟ್ಟೆಗಳು. ಮಳೆಗಾಲ ಹಿಂದಾದ ಮೇಲೆ ಮೀನಿನ ಮೈಯಲ್ಲಿ ಕೊಬ್ಬು ತುಂಬುವುದು. ಅದೇ ಕಾರವಾರದಿಂದ ಕೇರಳದವರೆಗೆ ಸುಗ್ಗಿಯ ಕಾಲ. ಜಗಳೂರಿನ ರೈತನು ಮೋಡವನ್ನು ನೋಡುವಂತೆ ಮಲ್ಪೆಯ ಮೊಗವೀರನು ನೀರಿನ ಬಣ್ಣವನ್ನು ನೋಡುವನು. ಇಬ್ಬರೂ ಕಾಯುವುದು ಒಂದೇ ಗಾಳಿಯ ಫಲವನ್ನು.

ಈ ಕೊಬ್ಬಿನಿಂದಲೇ ಬೂತಾಯಿಗೆ ಚರಿತ್ರೆ ಬಂದಿತು. ಹಿಂದೆ ಅದರ ಎಣ್ಣೆಯನ್ನು ದೋಣಿಯ ಹಲಗೆಗಳಿಗೆ ಬಳಿಯುತ್ತಿದ್ದರು. ತಿಂದು ಒಣಗಿಸಿ ಮಿಕ್ಕುದು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮದ್ರಾಸಿನ ಸರ್ ಫ್ರೆಡ್ರಿಕ್ ನಿಕಲ್ಸನ್ ಎಂಬ ಅಧಿಕಾರಿಯು, ಮೀನನ್ನು ದಡದ ಮೇಲೆ ಕೊಳೆಯಹಾಕುವ ಬದಲು ಬೇಯಿಸಿ ಹಿಂಡಿ, ಎಣ್ಣೆಯನ್ನೂ ಹಿಂಡಿಯನ್ನೂ ಬೇರ್ಪಡಿಸುವ ಕ್ರಮವನ್ನು ಮಲಬಾರಿನ ತಾನೂರಿನಲ್ಲಿ ಪ್ರಯೋಗಮಾಡಿ ತೋರಿಸಿದನು. ಕರಾವಳಿಯಲ್ಲಿ ಸಣ್ಣ ಕಾರ್ಖಾನೆಗಳೆದ್ದುವು. ನಿಕಲ್ಸನನ ತರುವಾಯ ಬಂದ ಜೇಮ್ಸ್ ಹಾರ್ನೆಲ್ ಈ ಮೀನಿನ ಹುಟ್ಟುಬೆಳವಣಿಗೆಗಳನ್ನು ನಾಯುಡು ಎಂಬವರೊಡನೆ ಶೋಧಿಸಿ 1924ರಲ್ಲಿ ಗ್ರಂಥಸ್ಥಮಾಡಿದನು.

ಆದರೆ ಬೂತಾಯಿಯ ಸ್ವಭಾವದಲ್ಲಿ ಒಂದು ದೊಡ್ಡ ತೊಡಕುಂಟು. ಅದು ಹೇಳದೆ ಕೇಳದೆ ಕಾಣೆಯಾಗುವುದು. 1940ರ ದಶಕದಲ್ಲಿ ಹಾಗಾಯಿತು. ಮರಿಗಳನ್ನು ಹಿಡಿದುದೇ ಕಾರಣವೆಂದು ಬಗೆದು ಮದ್ರಾಸ್ ಸರ್ಕಾರವು 1943ರಲ್ಲಿ ಕೆಲವು ಬಲೆಗಳನ್ನು ನಿರ್ಬಂಧಿಸಿತು. ಕಟ್ಟಳೆಯನ್ನು ನಡೆಯಿಸುವುದು ದುಸ್ಸಾಧ್ಯವಾಗಿ ಕೆಲವೇ ವರ್ಷಗಳಲ್ಲಿ ಅದು ಬಿದ್ದುಹೋಯಿತು. ದೋಣಿಯೂ ನೂಲಿನ ಬಲೆಯೂ ಮಾತ್ರವಿದ್ದ ಆ ಕಾಲದಲ್ಲಿ ಬೆಸ್ತರು ಕಡಲನ್ನೇ ಬರಿದುಮಾಡಿದರೆಂಬುದು ನನಗಂತೂ ಒಪ್ಪಿಗೆಯಾಗದು.

ಆಗ ಕನ್ನಡದ ಕರಾವಳಿಯಲ್ಲಿದ್ದ ಮುಖ್ಯ ಸಾಧನ ರಂಪಣಿ. ದೋಣಿಯಲ್ಲಿ ಹೋಗಿ ಹಿಂಡನ್ನು ಸುತ್ತುವರಿದು, ಬಲೆಯ ಎರಡು ತುದಿಗಳನ್ನೂ ದಡಕ್ಕೆ ತಂದು ಹತ್ತಾರು ಜನ ಕೂಡಿ ಎಳೆಯುವರು. ಹಗ್ಗಕ್ಕೆ ಕೈಹಾಕಿದವನಿಗೆ ಪಾಲುಂಟು. ಬೂತಾಯಿಯೂ ಬಂಗುಡೆಯೂ ದಡದ ಹತ್ತಿರಕ್ಕೆ ತಾವಾಗಿ ಬಂದರೆ ಮಾತ್ರ ಅದಕ್ಕೆ ಕೆಲಸ. 1970ರ ದಶಕದ ನಡುವಿನಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆಯು ಬಂದು, ಹಿಂಡು ದಡವನ್ನು ಮುಟ್ಟುವ ಮುನ್ನವೇ ಅದನ್ನು ಕಡಲಿನಲ್ಲೇ ಸುತ್ತಿಕೊಳ್ಳತೊಡಗಿತು. ಜಗಳಗಳಾದುವು. ಕೆಲವೇ ವರ್ಷಗಳಲ್ಲಿ ರಂಪಣಿಯ ಕಾಲ ತೀರಿತು. ಊರಿಗೆ ಊರೇ ಹಗ್ಗ ಹಿಡಿಯುತ್ತಿದ್ದ ಒಂದು ಏರ್ಪಾಡು ಹೀಗೆ ಅಳಿದುದು, ಮೀನು ಕಡಮೆಯಾದುದಕ್ಕಿಂತ ಚಿಕ್ಕ ನಷ್ಟವೆಂದು ನಾನು ಎಣಿಸಲಾರೆನು.

ಮೀನು ಕಾಣೆಯಾಗುವುದು ಆಮೇಲೂ ನಿಲ್ಲಲಿಲ್ಲ. 1994ರಲ್ಲಿ ಫಸಲು ಕುಸಿಯಿತು. ಮುಂದೆ ಚೇತರಿಸಿ, 2012ರಲ್ಲಿ ಕೇರಳವೊಂದರಲ್ಲೇ ಸುಮಾರು 3.9 ಲಕ್ಷ ಟನ್ ಬಂದಿತು. 2021ರಲ್ಲಿ ಅಲ್ಲಿಯೇ ಸಿಕ್ಕಿದ್ದು 3,297 ಟನ್. 1947ರಲ್ಲಿ ಸ್ಥಾಪಿತವಾಗಿ ಈಗ ಕೊಚ್ಚಿಯಲ್ಲಿರುವ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇದರಲ್ಲಿ ಕಡಲಿನ ಕಾವಿನ ಪಾತ್ರವನ್ನೂ ಮಿತಿಮೀರಿದ ಬೇಟೆಯ ಪಾತ್ರವನ್ನೂ ಎಣಿಸುತ್ತಾರೆ. 10 ಸೆಂಟಿಮೀಟರಿಗಿಂತ ಚಿಕ್ಕದನ್ನು ಹಿಡಿಯಬಾರದೆಂದು ಕೇರಳವು 2015ರಲ್ಲಿ ಕಟ್ಟು ಮಾಡಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ.

ಈಗ ಹಿಡಿದ ಬೂತಾಯಿಯೆಲ್ಲ ಮನುಷ್ಯರ ತಟ್ಟೆಗೆ ಹೋಗುವುದಿಲ್ಲ. ಬಹು ಪಾಲು ಉಳ್ಳಾಲ, ಮಲ್ಪೆಗಳ ಕಾರ್ಖಾನೆಗಳಲ್ಲಿ ಪುಡಿಯೂ ಎಣ್ಣೆಯೂ ಆಗುವುದು. ಮರಿಗಳೂ ಅದರಲ್ಲಿ ಸೇರಿರುವುವು. ಆ ಪುಡಿಯು ಸಾಕಿದ ಮೀನು ಸೀಗಡಿಗಳಿಗೂ ಕೋಳಿಗಳಿಗೂ ಮೇವು. ಕೋಳಿಯ ಮೇವಿಗೆ ನಮ್ಮ ಹೊನ್ನಾಳಿ, ಜಗಳೂರುಗಳ ಹೊಲದ ಮೆಕ್ಕೆಜೋಳವೂ ಬೇಕು.